ರೋಮನ್ ಹಾಸ್ಯ ನಾಟಕದಲ್ಲಿ ಹಾಡು ಎಲ್ಲಿತ್ತು?

ಪ್ರಶ್ನೆ: ಪ್ಲಾಟಸ್‌ನ ಎರಡು ನಾಟಕಗಳನ್ನು ಅನುವಾದದಲ್ಲಿ ಓದಿದೆ. ಮೊದಲಿಂದ ಕೊನೆವರೆಗೆ ಬರೀ ಮಾತು. ಆದರೆ ಮುನ್ನುಡಿಯಲ್ಲಿ ಇವು ಸಂಗೀತ ತುಂಬಿದ ನಾಟಕಗಳು ಅಂತ ಬರೆದಿದ್ದರು. ಹಾಡು ಎಲ್ಲಿದೆ? ರಾಗ, ಸ್ವರ ಏನೂ ಉಳಿದಿಲ್ಲ ಅಂದ ಮೇಲೆ ಸಂಗೀತ ಇತ್ತು ಅಂತ ಹೇಗೆ ಗೊತ್ತು? ಹಾಡುತ್ತಿದ್ದವರು ನಟರೇನಾ, ಬೇರೆಯವರಾ?

ಉತ್ತರ: ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಪ್ಲಾಟಸ್‌ನನ್ನು ಮೊದಲು ಓದಿದ್ದು ಗದ್ಯ ಅನುವಾದದಲ್ಲೇ. ಚೆನ್ನಾಗಿ ನಗು ಬಂತು, ಆದರೆ ಸಂಗೀತದ ಸುಳಿವೇ ಸಿಗಲಿಲ್ಲ. ಮೂಲ ಲ್ಯಾಟಿನ್ ಓದುವುದಕ್ಕೆ ಶುರು ಮಾಡಿದ ಮೇಲೆ ಗೊತ್ತಾಯಿತು, ಹಾಡು ಎಲ್ಲೂ ಕಳೆದುಹೋಗಿಲ್ಲ, ಸಾಲುಗಳ ಒಳಗೇ ಕೂತಿದೆ. ಅನುವಾದ ಮಾಡುವಾಗ ಮೊದಲು ಉದುರಿಹೋಗುವುದು ಛಂದಸ್ಸು, ಅಲ್ವಾ? ಈ ನಾಟಕಗಳಲ್ಲಿ ಸಂಗೀತದ ಗುರುತು ಇರುವುದೇ ಛಂದಸ್ಸಿನಲ್ಲಿ. ಹಾಗಾಗಿ ಛಂದಸ್ಸಿನ ಜೊತೆ ಸಂಗೀತವೂ ಹೋಯಿತು.

ಪ್ಲಾಟಸ್ ಸತ್ತಿದ್ದು ಕ್ರಿ.ಪೂ. 184ರಲ್ಲಿ. ಅವನ 20 ನಾಟಕಗಳು ಹೆಚ್ಚು ಕಡಿಮೆ ಪೂರ್ತಿಯಾಗಿ ಉಳಿದಿವೆ. ಅವನ ನಂತರ ಬಂದ ಟೆರೆನ್ಸ್‌ನದು ಆರು, ಎಲ್ಲವೂ ಕ್ರಿ.ಪೂ. 166ರಿಂದ 160ರ ಒಳಗೆ ಆಡಿದವು. ರೋಮಿನ ಹಾಸ್ಯ ನಾಟಕ ಅಂತ ನಮ್ಮ ಕೈಗೆ ಇಡಿಯಾಗಿ ಬಂದಿರುವುದು ಇಷ್ಟೇ.

ಈಗ ಮುಖ್ಯ ವಿಷಯ. ಈ ನಾಟಕಗಳು ಪೂರ್ತಿ ಪದ್ಯದಲ್ಲಿವೆ. ಅದರಲ್ಲಿ ಒಂದು ಛಂದಸ್ಸಿಗೆ ಸೆನಾರಿಯಸ್ ಅಂತ ಹೆಸರು, ಸಾಲಿಗೆ ಆರು ಗಣ, ನಡೆ ಮಾತಿಗೆ ಹತ್ತಿರ. ಆ ಸಾಲುಗಳಿಗೆ ಸಂಗೀತ ಇರಲಿಲ್ಲ. ಉಳಿದ ಎಲ್ಲ ಛಂದಸ್ಸುಗಳಿಗೂ ಹಿಂದೆ ವಾದ್ಯ ನುಡಿಯುತ್ತಿತ್ತು. ಪ್ಲಾಟಸ್‌ನ ಹಳೆಯ ಹಸ್ತಪ್ರತಿಗಳಲ್ಲಿ ಕೆಲವು ದೃಶ್ಯಗಳ ತಲೆಯ ಮೇಲೆ ಪುಟ್ಟ ಗುರುತುಗಳಿವೆ. ಒಂದು ಗುರುತಿಗೆ 'ಮಾತು' ಅಂತ ಅರ್ಥ, ಇನ್ನೊಂದಕ್ಕೆ 'ಹಾಡಿಕೆ' ಅಂತ. ಮಾತಿನ ಗುರುತು ಬೀಳುವುದು ಸೆನಾರಿಯಸ್ ದೃಶ್ಯಗಳ ಮೇಲೆ, ಹಾಡಿಕೆಯ ಗುರುತು ಉಳಿದವುಗಳ ಮೇಲೆ. ಹೀಗೆ ಲೆಕ್ಕ ಹಾಕಿದರೆ ಪ್ಲಾಟಸ್‌ನಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಸಾಲುಗಳಿಗೆ ಸಂಗೀತ ಇತ್ತು. ಟೆರೆನ್ಸ್‌ನಲ್ಲಿ ಸುಮಾರು ಅರ್ಧ. ನೀವು ಓದಿದ ಎರಡು ನಾಟಕಗಳಲ್ಲೂ ಮಾತಿಗಿಂತ ಸಂಗೀತವೇ ಜಾಸ್ತಿ ಇದ್ದಿರಬೇಕು!

ಗುರುತುಗಳನ್ನು ಯಾರೋ ನಂತರ ಹಾಕಿರಬಹುದು ಅಂತ ಅನಿಸಬಹುದು. ಅದಕ್ಕೇ ನನಗೆ ತುಂಬಾ ಇಷ್ಟವಾದ ಒಂದು ಸಾಕ್ಷಿ ಕೊಡುತ್ತೇನೆ, ಇದು ನಾಟಕದ ಒಳಗೇ ಇದೆ.

ನಾಟಕದ ಹೆಸರು ಸ್ಟಿಕಸ್. ಕ್ರಿ.ಪೂ. 200ರಲ್ಲಿ ಆಡಿದ್ದು. ಕೊನೆಯಲ್ಲಿ ಇಬ್ಬರು ಗುಲಾಮರು, ಸ್ಟಿಕಸ್ ಮತ್ತು ಸಂಗಾರಿನಸ್, ವೈನ್ ಇಟ್ಟುಕೊಂಡು ಪಾರ್ಟಿ ಮಾಡುತ್ತಿದ್ದಾರೆ. ಇಬ್ಬರಿಗೂ ಒಬ್ಬಳೇ ಪ್ರೇಯಸಿ, ಜಗಳವಿಲ್ಲ. ವಾದ್ಯದವನು ಪಕ್ಕದಲ್ಲೇ ನಿಂತು ಊದುತ್ತಿದ್ದಾನೆ. ಕುಡಿದು ಖುಷಿಯಾದ ಇವರು ಸೀದಾ ಅವನ ಕಡೆ ತಿರುಗಿ ಕುಡಿಯಪ್ಪಾ ಅಂತ ಒತ್ತಾಯ ಮಾಡುತ್ತಾರೆ. ಬಾಯಿಂದ ಪೀಪಿ ತೆಗಿ, ಇದಕ್ಕೇನು ಸರ್ಕಾರದ ದುಡ್ಡು ಖರ್ಚಾಗಲ್ಲ ಅನ್ನುತ್ತಾರೆ. ಕುಡಿದಾದ ಮೇಲೆ, ಪೀಪಿ ಮತ್ತೆ ತುಟಿಗಿಡು, ಹಾವಿನ ಹಾಗೆ ಬೇಗ ಕೆನ್ನೆ ಊದಿಸು ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಲೋಟ ಕೊಡುತ್ತಾರೆ: ಇದನ್ನು ಮುಗಿಸು, ಆಮೇಲೆ ಮೈ ಪೂರ್ತಿ ಕುಣಿಯುವಂಥ ಒಂದು ಹಾಡು ಬಾರಿಸು. ಇಲ್ಲಿ ಗಮನಿಸಿ. ಅಲ್ಲಿಯವರೆಗೆ ಓಡುತ್ತಿದ್ದ ಛಂದಸ್ಸು 762ನೇ ಸಾಲಿನಲ್ಲಿ ತಟ್ಟನೆ ಸೆನಾರಿಯಸ್‌ಗೆ ಇಳಿಯುತ್ತದೆ. ಏಳು ಸಾಲು ಹಾಗೇ ಹೋಗುತ್ತದೆ. 769ರಲ್ಲಿ ಮತ್ತೆ ಕುಣಿತದ ಛಂದಸ್ಸು ಬರುತ್ತದೆ. ಯಾಕೆ ಏಳು ಸಾಲು ಮಾತು? ವಾದ್ಯದವನ ಬಾಯಲ್ಲಿ ವೈನ್ ಇದೆ, ಊದುವುದಕ್ಕೆ ಆಗುವುದಿಲ್ಲ. ಲೋಟ ಖಾಲಿಯಾಗುವಷ್ಟು ಹೊತ್ತಿಗೆ ಎಷ್ಟು ಸಾಲು ಬೇಕೋ ಅಷ್ಟನ್ನು ಕವಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಒಂದು ಲೋಟ ಕುಡಿಯಲು ತೆಗೆದುಕೊಂಡ ಸಮಯ ಛಂದಸ್ಸಿನಲ್ಲಿ ಹಾಗೇ ಉಳಿದುಕೊಂಡಿದೆ. ಇದನ್ನು ಎಷ್ಟು ಸಲ ಓದಿದರೂ ನನಗೆ ರೋಮಾಂಚನ ಆಗುತ್ತದೆ.

ಆ ವಾದ್ಯದ ಬಗ್ಗೆ ಎರಡು ಮಾತು. ಅದರ ಹೆಸರು ಟಿಬಿಯಾ. ಅನುವಾದಗಳಲ್ಲಿ 'ಕೊಳಲು' ಅಂತ ಹಾಕುತ್ತಾರೆ, ಅದು ಸರಿಯಲ್ಲ. ಕೊಳಲಿನ ದನಿ ಮೆದು. ಟಿಬಿಯಾಗೆ ರೀಡ್ ಇತ್ತು, ಅಂದರೆ ಊದಿದಾಗ ಅದುರುವ ತೆಳು ಪಟ್ಟಿ, ನಮ್ಮ ಓಲಗದ ಪೀಪಿಗೆ ಇರುವ ಹಾಗೆ. ಹಾಗಾಗಿ ದನಿ ಗಡುಸು, ಬಯಲಲ್ಲಿ ದೂರದವರೆಗೆ ಕೇಳುವಂಥದ್ದು. ಮತ್ತೆ ಅದು ಒಂದಲ್ಲ, ಎರಡು ಕೊಳವೆ. ಎರಡನ್ನೂ ಒಟ್ಟಿಗೆ ಬಾಯಲ್ಲಿಟ್ಟು, ಎಡಗೈಗೊಂದು ಬಲಗೈಗೊಂದು ಹಿಡಿದು ಊದಬೇಕು. ಕೆನ್ನೆ ಬಿರಿಯದ ಹಾಗೆ ಮುಖಕ್ಕೆ ಚರ್ಮದ ಪಟ್ಟಿ ಕಟ್ಟಿಕೊಳ್ಳುವುದೂ ಇತ್ತು. ಊದುವವನಿಗೆ ಟಿಬಿಕೆನ್ ಅಂತ ಹೆಸರು. ನಾಟಕಕ್ಕೆ ಇಂಥವನು ಒಬ್ಬನೇ. ತಂಡವಿಲ್ಲ, ಮೇಳವಿಲ್ಲ. ನಾಟಕ ಪೂರ್ತಿ ಅವನೇ ಎಳೆಯಬೇಕು.

ಟೆರೆನ್ಸ್‌ನ ನಾಟಕಗಳ ಜೊತೆ ಪ್ರದರ್ಶನದ ವಿವರ ಬರೆದ ಚಿಕ್ಕ ಟಿಪ್ಪಣಿಗಳು ಉಳಿದಿವೆ. ಯಾವ ಹಬ್ಬ, ಯಾರು ಅಧಿಕಾರಿ, ಮುಖ್ಯ ನಟ ಯಾರು ಅಂತೆಲ್ಲ. ಅಲ್ಲಿ ಸಂಗೀತ ಮಾಡಿದವನ ಹೆಸರೂ ಇದೆ: ಕ್ಲಾಡಿಯಸ್‌ನ ಗುಲಾಮ ಫ್ಲಾಕಸ್. ಆರೂ ನಾಟಕಗಳಿಗೆ ಇವನದೇ ಸಂಗೀತ. ಸ್ಟಿಕಸ್‌ಗೆ ಸಂಗೀತ ಮಾಡಿದವನು ಒಪ್ಪಿಯಸ್‌ನ ಗುಲಾಮ ಮಾರ್ಸಿಪೋರ್. ಹೆಸರಿನ ಅರ್ಥವೇ ಮಾರ್ಕಸ್‌ನ ಹುಡುಗ ಅಂತ. ಸ್ವಂತ ಹೆಸರೂ ಇಲ್ಲದ ಮನುಷ್ಯನ ಕೆಲಸ ಕವಿಯ ಹೆಸರಿನ ಪಕ್ಕದಲ್ಲಿ ದಾಖಲಾಗಿದೆ, ಅದು ದೊಡ್ಡ ವಿಷಯ. ಯಾವ ಜೋಡಿ ಪೀಪಿ ಬಳಸಿದರು ಅಂತಲೂ ಬರೆದಿದ್ದಾರೆ. ಫೋರ್ಮಿಯೋ ನಾಟಕಕ್ಕೆ ಉದ್ದದಲ್ಲಿ ವ್ಯತ್ಯಾಸ ಇರುವ ಜೋಡಿ, ಹೆಕಿರಾಗೆ ಸಮ ಜೋಡಿ, ಅಡೆಲ್ಫೋಯಿಗೆ 'ಸರ್ರಾದ' ಜೋಡಿ, ಅಂದರೆ ಫಿನಿಷಿಯಾದ ಟೈರ್ ಊರಿನ ಹೆಸರು ಹೊತ್ತದ್ದು. ಒಂದು ನಾಟಕದಲ್ಲಂತೂ ಮಧ್ಯದಲ್ಲಿ ಜೋಡಿಯನ್ನೇ ಬದಲಾಯಿಸಿದ ಹಾಗೆ ಕಾಣುತ್ತದೆ. ಪ್ರತಿ ನಾಟಕಕ್ಕೂ ಒಂದು ಬೇರೆ ನಾದ ಬೇಕು ಅಂತ ಯೋಚಿಸಿ ಆರಿಸಿದ್ದು ಇದು.

ಈ ವಾದ್ಯದವರಿಗೆ ಊರಿನಲ್ಲಿ ಎಷ್ಟು ಬೆಲೆ ಇತ್ತು ಅನ್ನುವುದಕ್ಕೆ ಇತಿಹಾಸಕಾರ ಲಿವಿ ಒಂದು ಕಥೆ ಹೇಳುತ್ತಾನೆ. ಕ್ರಿ.ಪೂ. 311ರಲ್ಲಿ, ಜ್ಯೂಪಿಟರ್ ದೇವಸ್ಥಾನದಲ್ಲಿ ಕೂತು ಊಟ ಮಾಡುವ ಹಳೆಯ ಹಕ್ಕನ್ನು ಅಧಿಕಾರಿಗಳು ಕಿತ್ತುಕೊಂಡರು ಅಂತ ಸಿಟ್ಟಾಗಿ ಟಿಬಿಯಾದವರೆಲ್ಲ ಒಟ್ಟಿಗೆ ರೋಮ್ ಬಿಟ್ಟು ಪಕ್ಕದ ಟಿಬುರ್ ಊರಿಗೆ ಹೋಗಿಬಿಟ್ಟರು. ಪೀಪಿ ಇಲ್ಲದೆ ಬಲಿಪೂಜೆ ನಡೆಯುವ ಹಾಗಿಲ್ಲ. ಕೊನೆಗೆ ಟಿಬುರ್‌ನವರು ಹಬ್ಬದೂಟಕ್ಕೆ ಕರೆದು, ಚೆನ್ನಾಗಿ ಕುಡಿಸಿ, ನಿದ್ದೆ ಬಂದವರನ್ನು ಗಾಡಿಯಲ್ಲಿ ತುಂಬಿಸಿ ರೋಮಿಗೆ ತಂದು ಬಿಟ್ಟರು. ಬೆಳಗ್ಗೆ ಎದ್ದಾಗ ಊರ ನಡುವಿನ ಚೌಕದಲ್ಲಿದ್ದರು. ಅವರ ಹಕ್ಕು ವಾಪಸ್ ಬಂತು. ಜೊತೆಗೆ ವರ್ಷಕ್ಕೆ ಮೂರು ದಿನ ವೇಷ ಹಾಕಿ ಹಾಡುತ್ತ ಊರು ಸುತ್ತುವ ಹಕ್ಕೂ ಸಿಕ್ಕಿತು.

ಇನ್ನು ಹಾಡು ಹೇಗಿತ್ತು ಅನ್ನುವ ಪ್ರಶ್ನೆ. ಇಲ್ಲಿ ಕನ್ನಡ ಓದಿದವರಿಗೆ ಒಂದು ಅನುಕೂಲ ಇದೆ. ಲ್ಯಾಟಿನ್ ಛಂದಸ್ಸು ನಡೆಯುವುದು ಲಘು, ಗುರುವಿನ ಮೇಲೆ. ದೀರ್ಘ ಸ್ವರ ಬಂದರೆ ಗುರು, ಮುಂದೆ ಎರಡು ವ್ಯಂಜನ ಕೂಡಿದರೂ ಗುರು. ನಾವು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ನಿಯಮವೇ. ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದವರಿಗೆ ಪ್ಲಾಟಸ್‌ನ ಹಾಡಿನ ಗಣಗಳು ಹಳೇ ಪರಿಚಯ. ಅವನಿಗೆ ತುಂಬಾ ಇಷ್ಟವಾದ ಒಂದು ಗಣ ಲಘು-ಗುರು-ಗುರು, ನಮ್ಮ ಯಗಣ. ಇನ್ನೊಂದು ಗುರು-ಲಘು-ಗುರು, ನಮ್ಮ ರಗಣ. ಮೂರನೆಯದು ಲಘು-ಲಘು-ಗುರು, ಸಗಣ. ಎರಡು ಭಾಷೆಗೂ ಇದರಲ್ಲಿ ಕೊಡುಕೊಳ್ಳುವಿಕೆ ಏನೂ ಇಲ್ಲ, ಎಣಿಸುವ ರೀತಿ ಮಾತ್ರ ಒಂದೇ.

ಒಂದು ಸಾಲು ಹಿಡಿದು ನೋಡೋಣ. ಮೋಸ್ಟೆಲ್ಲಾರಿಯಾ, ಅಂದರೆ ದೆವ್ವದ ಮನೆಯ ನಾಟಕ. ಶುರುವಿನಲ್ಲಿ ಇಬ್ಬರು ಗುಲಾಮರು ಸೆನಾರಿಯಸ್‌ನಲ್ಲಿ ಬೈದಾಡುತ್ತಾರೆ, ಪೀಪಿ ಸುಮ್ಮನಿದೆ. ಅವರು ಹೋದ ಮೇಲೆ ಫಿಲೋಲಾಕಿಸ್ ಅನ್ನುವ ಹುಡುಗ ಒಬ್ಬನೇ ಬರುತ್ತಾನೆ. 84ನೇ ಸಾಲು, ಪೀಪಿ ಏಳುತ್ತದೆ. ಅವನ ಮೊದಲ ಸಾಲು: 'ರೆಕೊರ್ದಾತುಸ್ ಮುಲ್ತುಮ್ ಎತ್ ದಿಊ ಕೋಗಿತಾವೀ'. ತುಂಬಾ ನೆನೆದೆ, ಬಹಳ ಹೊತ್ತು ಯೋಚಿಸಿದೆ ಅಂತ. 'ಮುಲ್ತುಮ್ ಎತ್' ಸೇರಿದಾಗ ನಮ್ಮ ಲೋಪಸಂಧಿಯ ಹಾಗೆ ನಡುವಿನ 'ಉಮ್' ಬಿದ್ದು 'ಮುಲ್ತೆತ್' ಆಗುತ್ತದೆ. ಈಗ ಗಣ ಬಿಡಿಸಿ: ರೆಕೊರ್ದಾ, ತುಸ್‌ಮುಲ್ತೆತ್, ದಿಊಕೋ, ಗಿತಾವೀ. ಮೊದಲನೆಯದು ಯಗಣ, ಮೂರನೆಯದು ಮತ್ತು ನಾಲ್ಕನೆಯದು ಯಗಣ. ಎರಡನೆಯದರಲ್ಲಿ ಮಾತ್ರ ಲಘುವಿನ ಜಾಗದಲ್ಲಿ ಗುರು ಬಂದು ಮಗಣ ಆಗಿದೆ, ಪ್ಲಾಟಸ್ ಅಷ್ಟು ಸಡಿಲ ಬಿಡುತ್ತಾನೆ. ಸಾಲಿಗೆ ನಾಲ್ಕು ಯಗಣ ಅಂದರೆ ನಿಮಗೆ ಭುಜಂಗಪ್ರಯಾತ ನೆನಪಾಗಬಹುದು. ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ. ಒಂದು ಸಣ್ಣ ಹೆಜ್ಜೆ, ಎರಡು ಭಾರದ ಹೆಜ್ಜೆ, ಮತ್ತೆ ಒಂದು ಸಣ್ಣದು, ಎರಡು ಭಾರದ್ದು. ತಲೆ ತಗ್ಗಿಸಿಕೊಂಡು ಯೋಚನೆ ಮಾಡುತ್ತ ನಡೆಯುವವನ ನಡೆ ಕೇಳಿಸುತ್ತದೆ. ಆಮೇಲೆ ಅವನು ಮನುಷ್ಯನನ್ನು ಮನೆಗೆ ಹೋಲಿಸಿ ಹಾಡುತ್ತಾನೆ. ಅಪ್ಪ ಅಮ್ಮ ಮನೆ ಕಟ್ಟುವ ಮೇಸ್ತ್ರಿಗಳು. ಚೆನ್ನಾಗೇ ಕಟ್ಟಿಕೊಟ್ಟರು. ಗಾಳಿ ಹೆಂಚು ಹಾರಿಸಿತು, ಸೋಮಾರಿ ಯಜಮಾನ ಸರಿ ಮಾಡಿಸಲಿಲ್ಲ, ಮಳೆ ಒಳಗೆ ಸುರಿದು ತೊಲೆ ಕೊಳೆಯಿತು. ಆ ಮಳೆ ಪ್ರೇಮ, ಕೊಳೆತ ಮನೆ ಅವನೇ. ಹಾಡು ಮುಂದುವರಿದ ಹಾಗೆ ರಗಣದ ನಡೆಯೂ ಸೇರಿಕೊಳ್ಳುತ್ತದೆ. 70ಕ್ಕೂ ಜಾಸ್ತಿ ಸಾಲಿನ ಈ ಹಾಡನ್ನು ಗದ್ಯದಲ್ಲಿ ಓದಿದರೆ ಉದ್ದದ ಭಾಷಣ ಅನಿಸುತ್ತದೆ, ಬೇಜಾರೂ ಆಗುತ್ತದೆ. ಅದಕ್ಕೆ ಕವಿಯನ್ನು ಬೈಯಬೇಡಿ, ನಿಮಗೆ ಸಿಕ್ಕಿದ್ದು ಅರ್ಧ ಮಾತ್ರ.

ಎಲ್ಲ ಸಂಗೀತವೂ ಇಂಥ ದೊಡ್ಡ ಹಾಡಲ್ಲ. ಜಾಸ್ತಿ ಇರುವುದು ಒಂದೇ ಛಂದಸ್ಸಿನ ಉದ್ದನೆಯ, ಓಡುವ ಸಾಲುಗಳು. ಪೀಪಿಯ ಜೊತೆ ಮಾತಿಗೂ ಹಾಡಿಗೂ ನಡುವಿನ ಒಂದು ರೀತಿಯಲ್ಲಿ ಹೇಳುತ್ತಿದ್ದದ್ದು. ಪ್ಲಾಟಸ್ ಒಂದು ಕ್ರಮವನ್ನು ಮತ್ತೆ ಮತ್ತೆ ಬಳಸುತ್ತಾನೆ. ಮೊದಲು ಪೀಪಿ ಇಲ್ಲದ ಮಾತು, ಕಥೆ ತಿಳಿಸುವುದಕ್ಕೆ. ಆಮೇಲೆ ಹಾಡು, ಮನಸ್ಸು ಬಿಚ್ಚುವುದಕ್ಕೆ. ಆಮೇಲೆ ಓಡುವ ಸಾಲು, ಕಥೆ ಮುಂದೆ ತಳ್ಳುವುದಕ್ಕೆ. ಅದು ಮುಗಿದರೆ ಮತ್ತೆ ಮೊದಲಿಂದ. ಪ್ರೇಕ್ಷಕರಿಗೆ ಪೀಪಿ ನಿಂತಿತು ಅಂದರೆ ಹೊಸ ವಿಷಯ ಬರುತ್ತಿದೆ, ಕಿವಿಗೊಡಬೇಕು ಅಂತ ಅರ್ಥವಾಗುತ್ತಿತ್ತು.

ಪೀಪಿ ನಿಲ್ಲಿಸುವುದರಲ್ಲಿ ಅವನ ಜಾಣತನ ನೋಡಬೇಕು. ಯಾರಾದರೂ ಪತ್ರ ಓದಿದರೆ ಛಂದಸ್ಸು ಸೆನಾರಿಯಸ್‌ಗೆ ಇಳಿಯುತ್ತದೆ. ಸೂಡೊಲಸ್ ನಾಟಕದಲ್ಲಿ ಬಲ್ಲಿಯೋ ಅನ್ನುವ ಕ್ರೂರ ದಲ್ಲಾಳಿಗೆ ವೇಷ ಹಾಕಿದ ಒಬ್ಬ ಮೋಸಗಾರ ಪತ್ರ ತಂದು ಕೊಡುತ್ತಾನೆ. ಸುತ್ತಲಿನ ಮಾತಿಗೆಲ್ಲ ಸಂಗೀತ ಇದೆ. ಬಲ್ಲಿಯೋ ಪತ್ರ ಬಿಚ್ಚಿ ಓದಿದ ತಕ್ಷಣ ಪೀಪಿ ನಿಲ್ಲುತ್ತದೆ. ಅವನು ಮೋಸ ಹೋಗುತ್ತಿರುವ ಆ ಕ್ಷಣದಲ್ಲಿ ಬಯಲೆಲ್ಲ ನಿಶ್ಶಬ್ದ. ಅದೇ ನಾಟಕದಲ್ಲಿ ಇನ್ನೊಂದು ಜಾಗ ಇದೆ. ಗುಲಾಮ ಸೂಡೊಲಸ್‌ಗೆ ಒಳಗೆ ಹೋಗಿ ಉಪಾಯ ಯೋಚಿಸಬೇಕು, ರಂಗ ಖಾಲಿಯಾಗುತ್ತದೆ. ಹೋಗುವಾಗ ಪ್ರೇಕ್ಷಕರಿಗೆ ಹೇಳುತ್ತಾನೆ, ಅಲ್ಲಿಯವರೆಗೆ ಪೀಪಿಯವನು ನಿಮ್ಮನ್ನು ಖುಷಿಪಡಿಸುತ್ತಾನೆ ಅಂತ. ಕಾಸಿನಾದಲ್ಲಿ ಮದುಮಗ ಪೀಪಿಯವನಿಗೆ, ಮದುಮಗಳನ್ನು ಹೊರಗೆ ಕರೆತರುವವರೆಗೆ ಈ ಬೀದಿಯೆಲ್ಲ ಮದುವೆ ಹಾಡಿನಿಂದ ತುಂಬಿಸು ಅನ್ನುತ್ತಾನೆ. ಮದುಮಗಳ ವೇಷದಲ್ಲಿ ಒಳಗಿರುವವನು ಒಬ್ಬ ಗಂಡಸು! ಅದು ಪ್ರೇಕ್ಷಕರಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಹಿಂದೆ ನಿಜವಾದ ಮದುವೆ ಹಾಡು ನುಡಿಯುತ್ತಿದ್ದಾಗ ಆ ನಗು ಎಷ್ಟು ಜೋರಾಗಿ ಬಂದಿರಬೇಕು, ಯೋಚಿಸಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಹಾಡಿದ್ದು ಯಾರು? ಗೊಂದಲಕ್ಕೆ ಕಾರಣ ಮತ್ತೆ ಲಿವಿ. ರೋಮಿನಲ್ಲಿ ಕ್ರಿ.ಪೂ. 240ರಲ್ಲಿ ಲ್ಯಾಟಿನ್ ನಾಟಕ ಆಡಿಸಿದ ಲಿವಿಯಸ್ ಆಂಡ್ರೊನಿಕಸ್ ತಾನೇ ನಟನೂ ಆಗಿದ್ದ. ಜನ ಒನ್ಸ್ ಮೋರ್ ಕೇಳಿ ಕೇಳಿ ಅವನ ಗಂಟಲು ಬಿತ್ತಂತೆ. ಆಗ ಅವನು ಅನುಮತಿ ಕೇಳಿ ಪೀಪಿಯವನ ಮುಂದೆ ಒಬ್ಬ ಹುಡುಗನನ್ನು ನಿಲ್ಲಿಸಿ ಹಾಡಿಸಿದ, ತಾನು ಅಭಿನಯ ಮಾತ್ರ ಮಾಡಿದ. ಅಲ್ಲಿಂದ ಹಾಡು ಬೇರೆಯವರ ಪಾಲು, ಮಾತು ಮಾತ್ರ ನಟರ ಪಾಲು ಆಯಿತು ಅಂತ ಲಿವಿ ಬರೆಯುತ್ತಾನೆ. ಇದನ್ನು ಓದಿದ ಕನ್ನಡಿಗರಿಗೆ ತಟ್ಟನೆ ನಂಬಿಕೆ ಬರುತ್ತದೆ, ಭಾಗವತರು ಹಾಡಿ ವೇಷಧಾರಿ ಕುಣಿಯುವುದನ್ನು ನೋಡಿ ಬೆಳೆದವರಲ್ವಾ ನಾವು. ಆದರೆ ಹಾಸ್ಯ ನಾಟಕದ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಪ್ಲಾಟಸ್‌ನಲ್ಲಿ ಇಬ್ಬರು ಒಂದೇ ಸಾಲನ್ನು ಹಂಚಿಕೊಂಡು ಹಾಡುತ್ತಾರೆ, ಅರ್ಧ ನೀನು ಅರ್ಧ ನಾನು ಅಂತ. ಹಾಡಿನ ನಡುವೆ ಬಾಗಿಲು ಬಡಿಯುತ್ತಾರೆ, ಹೊಡೆದಾಡುತ್ತಾರೆ. ಪಕ್ಕದಲ್ಲಿ ನಿಂತ ಗಾಯಕನಿಂದ ಇದನ್ನೆಲ್ಲ ಹಾಡಿಸುವುದು ತುಂಬಾ ಕಷ್ಟ.

ಇನ್ನೂ ಗಟ್ಟಿ ಸಾಕ್ಷಿ ರೋಸ್ಕಿಯಸ್. ರೋಮಿನ ಪ್ರಸಿದ್ಧ ಭಾಷಣಕಾರ ಸಿಸೆರೊನ ಕಾಲದ ಅತಿ ದೊಡ್ಡ ಹಾಸ್ಯ ನಟ, ಆ ಬಲ್ಲಿಯೋ ಪಾತ್ರಕ್ಕೆ ಹೆಸರಾದವನು. ವಯಸ್ಸಾದ ಹಾಗೆ ಪೀಪಿಯವನ ನಡೆಯನ್ನು ನಿಧಾನ ಮಾಡಿಸುತ್ತೇನೆ, ಹಾಡನ್ನು ಇಳಿಸಿಕೊಳ್ಳುತ್ತೇನೆ ಅಂತ ಅವನು ಹೇಳುತ್ತಿದ್ದುದನ್ನು ಸಿಸೆರೊ ಬರೆದಿದ್ದಾನೆ. ಹಾಡುತ್ತಿದ್ದವನು ಬೇರೆಯವನಾಗಿದ್ದರೆ ಹಾಡು ಇಳಿಸಬೇಕಾದ ಕಷ್ಟ ಇವನಿಗೆ ಯಾಕೆ? ಈ ಮಾತಿನಲ್ಲಿ ಇನ್ನೊಂದು ವಿಷಯವೂ ಇದೆ: ನಟ ಮತ್ತು ಪೀಪಿಯವನು ಮಾತಾಡಿಕೊಂಡು ವೇಗ ಗೊತ್ತು ಮಾಡುತ್ತಿದ್ದರು ಅಂತ ಕಾಣುತ್ತದೆ. ಮತ್ತೆ ಜನರ ಕಿವಿ ಹೇಗಿತ್ತು ಗೊತ್ತಾ? ನಟ ಒಂದು ಅಕ್ಷರವನ್ನು ಗಿಡ್ಡ ಮಾಡಿದರೆ ಅಥವಾ ಎಳೆದರೆ ಇಡೀ ಪ್ರೇಕ್ಷಕರು ಕೂಗುತ್ತಾರೆ ಅಂತ ಇದೇ ಸಿಸೆರೊ ಹೇಳುತ್ತಾನೆ. ಅವರಲ್ಲಿ ಛಂದಸ್ಸು ಓದಿದವರು ಎಷ್ಟು ಜನ? ಕೇಳಿ ಕೇಳಿ ಪಳಗಿದ ಕಿವಿಗಳು ಅವು.

ಆ ಕಿವಿಗಳನ್ನು ಹಿಡಿದಿಡುವುದು ಸುಲಭವೂ ಅಲ್ಲ. ರೋಮಿನಲ್ಲಿ ಕಲ್ಲಿನ ಕಾಯಂ ರಂಗಮಂದಿರ ಬಂದಿದ್ದು ಕ್ರಿ.ಪೂ. 55ರಲ್ಲಿ, ಸೇನಾಪತಿ ಪಾಂಪೆ ಕಟ್ಟಿಸಿದ್ದು. ಪ್ಲಾಟಸ್, ಟೆರೆನ್ಸ್ ಆಡಿಸಿದ್ದು ಹಬ್ಬಕ್ಕೆ ಅಂತ ಕಟ್ಟಿ ಆಮೇಲೆ ಬಿಚ್ಚುವ ಮರದ ರಂಗದಲ್ಲಿ, ಸುತ್ತ ಜಾತ್ರೆಯ ಗದ್ದಲ. ಟೆರೆನ್ಸ್‌ನ ಹೆಕಿರಾ ಕ್ರಿ.ಪೂ. 165ರಲ್ಲಿ ನಿಂತುಹೋಯಿತು, ಮುಷ್ಟಿಯುದ್ಧದವರು ಮತ್ತು ಹಗ್ಗದ ಮೇಲೆ ನಡೆಯುವವನ ಸುದ್ದಿ ಕೇಳಿ ಗಲಾಟೆ ಎದ್ದಿತು. 160ರಲ್ಲಿ ಮತ್ತೆ ಶುರು ಮಾಡಿದರು. ಗ್ಲಾಡಿಯೇಟರ್‌ಗಳು ಬರುತ್ತಾರಂತೆ ಅಂತ ಸುದ್ದಿ ಬಂದು ಮತ್ತೆ ನಿಂತಿತು. ಅದೇ ವರ್ಷ ಮೂರನೇ ಸಲ ಆಡಿದರು. ಆಗ ಮುಖ್ಯ ನಟ ಆಂಬಿವಿಯಸ್ ಟರ್ಪಿಯೋ ರಂಗಕ್ಕೆ ಬಂದು, ದಯವಿಟ್ಟು ಸದ್ದಿಲ್ಲದೆ ಕೇಳಿ ಅಂತ ಬೇಡಿಕೊಂಡ. ಆ ಬೇಡಿಕೆ ಇರುವುದು ಸೆನಾರಿಯಸ್‌ನಲ್ಲಿ, ಪೀಪಿಯ ಸಹಾಯವಿಲ್ಲದೆ.

ರಾಗ ಒಂದಾದರೂ ಉಳಿದಿದೆಯಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಲ್ಲ. ಹೆಕಿರಾದ 861ನೇ ಸಾಲಿನ ಸ್ವರ 10ನೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ಸಿಕ್ಕಿದೆ, ಅದು ಫ್ಲಾಕಸ್‌ನದೇ ಅಂತ ಒಂದು ಮಾತು ಬಹಳ ಕಾಲ ಓಡಾಡಿತು, ಈಗಲೂ ಅಲ್ಲಲ್ಲಿ ಕಾಣುತ್ತದೆ. ಅದು ಪ್ರಾಚೀನ ಸಂಗೀತ ಅಲ್ಲ ಅಂತ ವಿದ್ವಾಂಸರು ತೋರಿಸಿ ಆಗಿದೆ, ನಂಬಬೇಡಿ. ಉಳಿದಿರುವುದು ವಾದ್ಯ. ಜ್ವಾಲಾಮುಖಿಯಲ್ಲಿ ಹೂತುಹೋದ ಪಾಂಪೆಯಿ ಊರಿನ ಬೂದಿಯಿಂದ ತೆಗೆದ ಟಿಬಿಯಾಗಳು ನೇಪಲ್ಸ್‌ನ ಮ್ಯೂಸಿಯಂನಲ್ಲಿವೆ. ರಂಧ್ರ ಮುಚ್ಚಲು ತೆರೆಯಲು ತಿರುಗಿಸುವ ಲೋಹದ ಬಳೆಗಳೂ ಅವುಗಳಲ್ಲಿವೆ. ಅವು ಪ್ಲಾಟಸ್ ಕಾಲಕ್ಕಿಂತ ಈಚಿನವು. ಹಳೆಯ ಟಿಬಿಯಾಗೆ ಇಷ್ಟು ಲೋಹ ಇರಲಿಲ್ಲ, ರಂಧ್ರವೂ ಕಡಿಮೆ ಅಂತ ಕವಿ ಹೊರೇಸ್ ಹೇಳುತ್ತಾನೆ. ಅದೇ ಮ್ಯೂಸಿಯಂನಲ್ಲಿ ಸಾಮೋಸ್‌ನ ಡಯೊಸ್ಕೊರಿಡೀಸ್ ಸಹಿ ಹಾಕಿದ ಒಂದು ಮೊಸಾಯಿಕ್ ಇದೆ, ಗ್ರೀಕ್ ಹಾಸ್ಯ ನಾಟಕದ ದೃಶ್ಯ. ಮುಖವಾಡ ಹಾಕಿದವರು ತಾಳ, ತಮಟೆ ಹಿಡಿದು ಕುಣಿಯುತ್ತಿದ್ದಾರೆ, ಒಬ್ಬಳು ಜೋಡಿ ಪೀಪಿ ಊದುತ್ತಿದ್ದಾಳೆ. ಚಿತ್ರ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ನೋಡಿ.

ಮತ್ತೆ ಆ ಎರಡು ನಾಟಕಗಳನ್ನು ಓದುವುದಿದ್ದರೆ, ಛಂದಸ್ಸು ಎಲ್ಲಿ ಬದಲಾಗುತ್ತದೆ ಅಂತ ಅಂಚಿನಲ್ಲಿ ಗುರುತು ಹಾಕಿದ ಮುದ್ರಣ ಹುಡುಕಿ. ಸಿಗದಿದ್ದರೆ ಲ್ಯಾಟಿನ್ ಮೂಲದಲ್ಲಿ ಸೆನಾರಿಯಸ್ ಇರುವ ಸಾಲುಗಳ ಪಟ್ಟಿ ತೆಗೆದುಕೊಂಡು ನೀವೇ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಇರುವ ಕಡೆ ಪೀಪಿ ಸುಮ್ಮನಿದೆ. ಗೆರೆ ಮುಗಿದ ಕಡೆ ಒಬ್ಬ ಮನುಷ್ಯ ಎರಡು ಕೊಳವೆಗಳನ್ನು ತುಟಿಗಿಟ್ಟು ಕೆನ್ನೆ ಊದಿಸುತ್ತಿದ್ದಾನೆ.